ತಂದವರು ಯಾರು

ತೂಕದ ಮುಳ್ಳು ಸಾವಿರದ ನೂರರ ಗೆರೆಯ ಹತ್ತಿರ ಬಂದು, ಸ್ವಲ್ಪ ಹೊತ್ತು ನಡುಗಿ, ನಿಂತಿತು. ಡೆಲ್ಮಾ ಅದನ್ನು ಓದಿದಳು, ಬರೆದುಕೊಳ್ಳಲಿಲ್ಲ, ಇನ್ನೊಮ್ಮೆ ಓದಿದಳು. ನೂರೈವತ್ತು ಗ್ರಾಂ ತೂಗಬೇಕಾದ ಗುಲ್ಮ ಅದು. ಈ ಕರಾವಳಿಯಲ್ಲಿ ಹುಟ್ಟಿ, ವರ್ಷಕ್ಕೆ ನಾಲ್ಕೈದು ಸಲ ಮಲೇರಿಯಾ ಜ್ವರದಲ್ಲಿ ಮಲಗಿ ಎದ್ದವರ ಎಡ ಪಕ್ಕೆಯ ಕೆಳಗೆ ಅದು ಹೀಗೆ ಜ್ವರಗಡ್ಡೆಯಾಗಿ ಊದಿಕೊಂಡು, ಹಣ್ಣಾಗಿ, ಸಿಪ್ಪೆ ತೆಳುವಾಗಿ ಕೂತಿರುತ್ತದೆ. ರೋಸ್ಲಿನ್ ಎಂಬ ಹದಿನೆಂಟರ ಹುಡುಗಿಯ ಒಳಗಿದ್ದದ್ದು ಒಂದು ಕಡೆ ಉದ್ದಕ್ಕೆ ಬಿರಿದಿತ್ತು. ಹೊಟ್ಟೆಯ ತುಂಬ ರಕ್ತ. ಹೊರಗೆ ಚರ್ಮದ ಮೇಲೆ ಏನೂ ಇಲ್ಲ. ಬೆಳಕಿಗೆ ಓರೆಯಾಗಿ ಹಿಡಿದು ನೋಡಿದರೆ ಮಾತ್ರ, ಕೊನೆಯ ಪಕ್ಕೆಲುಬಿನ ಹತ್ತಿರ, ನಾಣ್ಯದಷ್ಟಗಲ ಮಂಕು ಕಲೆ. ನೀರು ಬಿಸಿ ಆಗಿದೆ ಡಾಕ್ಟ್ರಮ್ಮ, ಎಂದು ಬೊನಿಫಾಸ್ ಹಿಂದಿನಿಂದ ಹೇಳಿದ. ಶವಾಗಾರದಲ್ಲಿ ಇಪ್ಪತ್ತಾರು ವರ್ಷ ಕೆಲಸ ಮಾಡಿದ ಬೊನಿಫಾಸ್ ಹೆಣಗಳನ್ನು ತಣ್ಣೀರಿನಲ್ಲಿ ತೊಳೆದದ್ದನ್ನು ಅವಳು ನೋಡಿಲ್ಲ. ಯಾಕೆ ಎಂದು ಒಮ್ಮೆ ಕೇಳಿದ್ದಳು. ಅವನು ನಾಚಿಕೊಂಡು, ನನ್ನ ಕೈಗೆ ಚಳಿ ಆಗತ್ತೆ ಅದಕ್ಕೆ, ಅಂದಿದ್ದ. ಮೂವತ್ತಮೂರು ಡಿಗ್ರಿ ಸೆಕೆಯ ಊರಿನಲ್ಲಿ.

ಮುಳ್ಳು ಹಿಂದಕ್ಕೆ ಹೋದ ಮೇಲೂ ಅವಳು ತಕ್ಕಡಿಯ ಮುಂದೆ ನಿಂತೇ ಇದ್ದಳು. ಪಕ್ಕದ ಕೋಣೆಯ ಮೇಜಿನ ಮೇಲೆ ಉದ್ದನೆಯ ಹಾಳೆಗಳು ಹರಡಿದ್ದವು. ಬರುವ ತಿಂಗಳು ರಾಜಧಾನಿಯ ವೈದ್ಯರ ಸಭೆಯಲ್ಲಿ ಅವಳು ಓದಬೇಕಾದ ವರದಿಗೆ ಹತ್ತು ವರ್ಷದ ಲೆಕ್ಕ: ಈ ಪ್ರಾಂತ್ಯದಲ್ಲಿ ಮನುಷ್ಯರ ಕೈಯಲ್ಲಿ ಸತ್ತ ಮನುಷ್ಯರು ಎಷ್ಟು, ಹೇಗೆ, ಯಾಕೆ. ನೂರ ನಲವತ್ತಮೂರು ಜನ. ತೋಟದ ಕತ್ತಿಯಿಂದ ಅರವತ್ತೊಂದು, ಅದರಲ್ಲಿ ಮಾಟಗಾತಿಯರೆಂದು ಹೆಸರು ಹೊತ್ತ ಮುದುಕಿಯರು ಒಂಬತ್ತು. ಗಂಡಸರು ಹೆಚ್ಚಾಗಿ ದಾರಿಯಲ್ಲಿ ಸಾಯುತ್ತಾರೆ, ಹೆಂಗಸರು ಅಡುಗೆಮನೆಯಲ್ಲಿ. ಹದಿನೈದು ದಿನಕ್ಕೊಮ್ಮೆ ಬರುವ ಸಂಬಳದ ಶುಕ್ರವಾರದಂದು ಎಲ್ಲ ಅಂಕಣಗಳೂ ಊದಿಕೊಳ್ಳುತ್ತವೆ. ಇವೆಲ್ಲ ಸಭೆಯಲ್ಲಿ ಕೂರುವವರಿಗೆ ಗೊತ್ತಿರುವುದೇ. ಆದರೆ ಹಾಳೆಯ ಕೊನೆಯಲ್ಲಿ ಅವಳು ಯಾರೂ ಕೇಳದ ಒಂದು ಅಂಕಣ ಹಾಕಿಕೊಂಡಿದ್ದಳು. ತಂದವರು ಯಾರು. ಕತ್ತಿಯ ಸಾಲುಗಳಲ್ಲಿ ಅಲ್ಲಿ ಪೊಲೀಸರು, ದಾರಿಹೋಕರು, ಲಾರಿಯವರು ಇದ್ದರು. ಕೈಕಾಲಿನ ಪೆಟ್ಟು ಎಂಬ ಚಿಕ್ಕ ಗುಂಪಿನಲ್ಲಿ, ಗುಲ್ಮ ಒಡೆದು ಸತ್ತ ಹದಿನೈದು ಜನರ ಎದುರಿಗೆ ಮಾತ್ರ ಬೇರೆ ಥರ ಇತ್ತು. ಗಂಡ. ಅಣ್ಣ. ಸವತಿ. ಗೆಳೆಯ. ಹದಿನೈದರಲ್ಲಿ ಹದಿಮೂರು ಜನರನ್ನು ಆಸ್ಪತ್ರೆಗೆ ಹೊತ್ತು ತಂದವರು ಹೊಡೆದವರೇ. ತಲೆಯ ಕೆಳಗೆ ತಮ್ಮ ಅಂಗಿ ಮಡಿಸಿ ಇಟ್ಟಿದ್ದರು, ದಾರಿಯಲ್ಲಿ ಎಳನೀರು ಕುಡಿಸಲು ನೋಡಿದ್ದರು. ಅವರಲ್ಲಿ ಯಾರೂ ಓಡಿಹೋಗಲಿಲ್ಲ, ಯಾಕೆಂದರೆ ತಾವು ಏನೋ ಮಾಡಿದ್ದೇವೆಂದು ಅವರಿಗೆ ಗೊತ್ತೇ ಇರಲಿಲ್ಲ. ಇದು ವರದಿಯಲ್ಲಿ ಬರೆಯುವ ಮಾತಲ್ಲ. ಮೂರು ಸಲ ಬರೆದು ಮೂರು ಸಲ ಹೊಡೆದುಹಾಕಿದ್ದಳು.

ಹೊರಗೆ ಮಳೆಮರದ ಕೆಳಗೆ ರೋಸ್ಲಿನ್‌ಳ ಕಡೆಯವರು ಬೆಳಿಗ್ಗೆಯಿಂದ ಚಾಪೆ ಹಾಸಿ ಕೂತಿದ್ದರು. ತಾಯಿ ಅಗಾತಾ, ಸೋದರಮಾವ ಕಮಾಸ್, ಹತ್ತಿಪ್ಪತ್ತು ಹೆಂಗಸರು, ಬೇಯಿಸಿದ ಗೆಣಸಿನ ಒಂದು ಪಾತ್ರೆ. ಕಮಾಸ್ ಹತ್ತು ಗಂಟೆಗೇ ಕಿಟಕಿಯ ಹತ್ತಿರ ಬಂದು, ಬಾಯಲ್ಲಿದ್ದ ಅಡಿಕೆಯನ್ನು ಮರ್ಯಾದೆಯಿಂದ ಅತ್ತ ಉಗಿದು ಬಂದು, ಒಂದೇ ಪ್ರಶ್ನೆ ಕೇಳಿಹೋಗಿದ್ದ. ಅದು ಇಲ್ಲಿ ಎಲ್ಲರೂ ಕೇಳುವ ಪ್ರಶ್ನೆ: ಒಳಗೆ ಎಲ್ಲಾ ಇದೆಯಾ? ಸಾಂಗುಮಾ ಎಂಬ ಮಾಟ ಮಾಡುವವರು ಚರ್ಮಕ್ಕೆ ಗಾಯ ಮಾಡದೆ ಒಳಗಿನದನ್ನು ಮುರಿಯುತ್ತಾರೆ, ಕೆಲವು ಸಲ ತೆಗೆದುಕೊಂಡೇ ಹೋಗುತ್ತಾರೆ. ಆದ್ದರಿಂದ ಕೊಯ್ದು ನೋಡುವ ಡಾಕ್ಟರು ಎಣಿಸಿ ಹೇಳಬೇಕು. ಎಲ್ಲಾ ಇದೆ ಎಂದು ಅವಳು ಇಪ್ಪತ್ತು ವರ್ಷದಿಂದ ಹೇಳುತ್ತಾ ಬಂದಿದ್ದಾಳೆ, ಜನ ನಿಟ್ಟುಸಿರು ಬಿಟ್ಟು ಹೆಣ ಪಡೆದು ಹೋಗುತ್ತಾರೆ. ಇವತ್ತು ಏನು ಹೇಳುವುದು? ಹೊರಗೆ ಗಾಯ ಇಲ್ಲ, ಒಳಗೆ ಒಡೆದಿದೆ. ಅದಕ್ಕಿಂತ ಸರಿಯಾದ ಸಾಂಗುಮಾ ಇನ್ನೊಂದಿಲ್ಲ. ಕಮಾಸ್ ಹೆಸರನ್ನೂ ಹೇಳಿದ್ದ, ದನಿ ಏರಿಸದೆ. ಕೊಳಾಯಿಯ ಆಚೆ ಮನೆಯ ಮುದುಕಿ ಸೋಪೆ. ಮೊನ್ನೆ ಹುಡುಗಿಗೆ ಮೀನು ಕೊಟ್ಟಿದ್ದಳಂತೆ. ಅವಳು ಎಲ್ಲಿಗೂ ಹೋಗದ ಹಾಗೆ ಇಬ್ಬರು ಗಂಡಸರನ್ನು ಅವಳ ಬಾಗಿಲಲ್ಲಿ ಕೂರಿಸಿ ಬಂದಿದ್ದಾರಂತೆ. ನಿಮ್ಮ ಕಾಗದ ಬರಲಿ ಅಂತ ಕಾಯ್ತಿದೀವಿ ಡಾಕ್ಟ್ರಮ್ಮ, ನಾವೇನು ಕಾಡಿನವರಲ್ಲ, ಎಂದಿದ್ದ.

ಸಾವಿನ ಕಾರಣಕ್ಕೆ ಕಾಗದದಲ್ಲಿ ಮೂರು ಗೆರೆ ಇರುತ್ತದೆ. ಮಲೇರಿಯಾದಿಂದ ಊದಿದ ಗುಲ್ಮ ಬಿರಿದು ರಕ್ತಸ್ರಾವ, ಎಂದು ಮೊದಲನೆಯದರಲ್ಲಿ ಬರೆದು ಪೆನ್ನನ್ನು ಮುಚ್ಚಿದಳು. ಅಪರೂಪಕ್ಕೆ ಅದು ತಾನಾಗಿಯೇ ಬಿರಿಯುವುದೂ ಉಂಟು. ಹಾಗೆ ಬರೆದರೆ ಸುಳ್ಳೆಂದು ಯಾರೂ ಹೇಳಲಾರರು. ಆ ನಾಣ್ಯದಗಲದ ಕಲೆಯನ್ನು ನೋಡಿದವರು ತಾನು ಮತ್ತು ಬೊನಿಫಾಸ್. ಬೊನಿಫಾಸ್ ಅದರ ಮೇಲೆ ಬಟ್ಟೆ ಎಳೆದು ಮುಚ್ಚುತ್ತಾ, ಯಾರನ್ನೂ ನೋಡದೆ, ಹಿಂಬಾಗಿಲಲ್ಲಿ ಒಂದು ಮಗು ಕೂತಿದೆ ಡಾಕ್ಟ್ರಮ್ಮ, ಅಂದ. ಎರಡು ಲೋಟ ಚಹಾ ಕೊಟ್ಟೆ, ಎರಡನ್ನೂ ಹಾಗೇ ಹಿಡ್ಕೊಂಡು ಕೂತಿದೆ.

ಮಗುವಲ್ಲ, ಹತ್ತೊಂಬತ್ತರ ಹುಡುಗಿ. ಗೆತ್ರುದ್. ಅಗಾತಾಳ ಸತ್ತುಹೋದ ತಂಗಿಯ ಮಗಳು, ರೋಸ್ಲಿನ್ ಜೊತೆ ಒಂದೇ ಚಾಪೆಯಲ್ಲಿ ಮಲಗಿ ಬೆಳೆದವಳು. ನಿನ್ನೆ ಲಾರಿಯ ಹಿಂಬದಿಯಲ್ಲಿ ರೋಸ್ಲಿನ್‌ಳ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಬಂದವಳು ಇವಳೇ ಎಂದು ದಾಖಲೆಯಲ್ಲಿತ್ತು. ಡೆಲ್ಮಾ ಮೆಟ್ಟಿಲ ಮೇಲೆ ಅವಳ ಪಕ್ಕ ಕೂತಳು. ಯಾರೂ ಏನೂ ಕೇಳುವ ಮೊದಲೇ ಹುಡುಗಿ ಹೇಳತೊಡಗಿದಳು, ಪಾಠ ಒಪ್ಪಿಸುವ ಹಾಗೆ. ಕೊಳಾಯಿಯಲ್ಲಿ ನೀರು ಸಣ್ಣಗೆ ಬರುತ್ತಿತ್ತು. ಸಾಲಿನಲ್ಲಿ ತನ್ನ ಬಕೆಟ್ ಮೊದಲಿತ್ತು. ರೋಸ್ಲಿನ್ ನಗುತ್ತಾ ಅದನ್ನು ಸರಿಸಿ ತನ್ನದನ್ನು ಇಟ್ಟಳು. ತಾನು ಮೊಣಕೈಯಿಂದ ಹೀಗೆ ಅವಳ ಪಕ್ಕೆ ತಿವಿದಳು. ಇಷ್ಟೇ. ಇಬ್ಬರೂ ನೀರು ಹೊತ್ತು ಮನೆಗೆ ಹೋದರು. ರಾತ್ರಿ ಅನ್ನ, ಡಬ್ಬಿ ಮೀನು ಉಂಡರು. ಬೆಳಿಗ್ಗೆ ರೋಸ್ಲಿನ್ ಭುಜ ನೋವು ಅಂದಳು.

"ಯಾವ ಭುಜ?" ಎಂದು ಡೆಲ್ಮಾ ಕೇಳಿದಳು.

"ಎಡದ್ದು. ನಾನು ಎಣ್ಣೆ ಹಚ್ಚಿ ತಿಕ್ಕಿದೆ."

ಎಡ ಭುಜ. ಒಳಗೆ ಸೋರಿದ ರಕ್ತ ಎದೆಗೂಡಿನ ಕೆಳಗಿನ ಪರದೆಗೆ ತಾಗಿದರೆ ನೋವು ಭುಜದಲ್ಲಿ ಕಾಣಿಸಿಕೊಳ್ಳುತ್ತದೆ. ಎರಡನೆಯ ವರ್ಷದ ಪರೀಕ್ಷೆಯಲ್ಲಿ ಅದೇ ಪ್ರಶ್ನೆ ಬಂದಿತ್ತು. ಅದಕ್ಕಿಂತ ಹತ್ತು ವರ್ಷ ಹಿಂದೆ, ಕಂಬಗಳ ಮೇಲೆ ನಿಂತ ಮನೆಯ ಏಣಿಯಲ್ಲಿ, ನಡುವಿನ ಮೆಟ್ಟಿಲ ಮೇಲೆ ಕಾಲು ಇಳಿಬಿಟ್ಟು ಏಳು ವರ್ಷದ ತಂಗಿ ಲೆನಾ ಕೂತಿದ್ದಳು. ನೀರು ತುಂಬಿದ ಬಿದಿರು ಕೊಳವೆ ಹೆಗಲ ಮೇಲಿಟ್ಟುಕೊಂಡು ಹನ್ನೊಂದರ ಡೆಲ್ಮಾ ಹತ್ತಬೇಕಿತ್ತು. ಪಕ್ಕಕ್ಕೆ ಸರಿ ಅಂದಳು. ಲೆನಾ ಸರಿಯಲಿಲ್ಲ, ಹಾಡು ಹೇಳುತ್ತಿದ್ದಳು. ಅಂಗೈಯಿಂದ ಅವಳ ಪಕ್ಕೆಯನ್ನು ತಳ್ಳಿದಾಗ ಎರಡು ಮೆಟ್ಟಿಲು ಜಾರಿ ಕಂಬಕ್ಕೆ ಆತು ನಿಂತಳು, ನಕ್ಕಳು ಕೂಡ. ಸಂಜೆ ಸಾಗು ಮರದ ಹಿಟ್ಟಿನ ಗಂಜಿ ಕುಡಿದಳು. ಮಾರನೆಯ ದಿನ ಭುಜ ನೋವು ಅಂದಾಗ ಅಮ್ಮ ತೆಂಗಿನೆಣ್ಣೆ ಬಿಸಿ ಮಾಡಿ ತಿಕ್ಕುತ್ತಾ, ಮರ ಹತ್ತಿದ್ಯಾ ಎಂದು ಕೇಳುತ್ತಿದ್ದಳು, ಲೆನಾ ಇಲ್ಲ ಎಂದು ತಲೆ ಆಡಿಸುತ್ತಿದ್ದಳು, ಅಕ್ಕ ತಳ್ಳಿದಳು ಎಂದು ಹೇಳಲಿಲ್ಲ. ಮರೆತಿದ್ದಳೋ, ಅಕ್ಕನನ್ನು ಉಳಿಸುತ್ತಿದ್ದಳೋ. ಸೂರ್ಯ ನೆತ್ತಿಗೆ ಬರುವಷ್ಟರಲ್ಲಿ ಅವಳ ತುಟಿ ಬೂದಿಯ ಬಣ್ಣಕ್ಕೆ ತಿರುಗಿತ್ತು. ಹಳ್ಳ ಸಮುದ್ರ ಸೇರುವ ಕಡೆ ಒಬ್ಬಳೇ ಇದ್ದ ಮುದುಕಿ ಹಿಂದಿನ ದಿನ ಅವಳಿಗೆ ಬಾಳೆಹಣ್ಣು ಕೊಟ್ಟು, ಬೆನ್ನು ಸವರಿದ್ದನ್ನು ಯಾರೋ ನೆನಪು ಮಾಡಿಕೊಂಡರು. ಮೂರನೆಯ ದಿನ ಮುದುಕಿಯ ಮನೆಗೆ ಬೆಂಕಿ ಇಟ್ಟರು. ದೊಡ್ಡವರ ಕಾಲುಗಳ ನಡುವಿನಿಂದ ಡೆಲ್ಮಾ ನೋಡಿದಳು: ಒಂದು ಮಡಕೆಯನ್ನು ಕಂಕುಳಲ್ಲಿ ಅವಚಿಕೊಂಡು, ಕಲ್ಲುಗಳು ಬೀಳುತ್ತಿದ್ದರೂ ಓಡದೆ, ಓಡಲು ಆಗದೆ, ಮಂಡಿಯುದ್ದ ನೀರಿನಲ್ಲಿ ಆಚೆ ದಡಕ್ಕೆ ನಡೆದುಹೋಗುತ್ತಿರುವ ಬೆನ್ನು.

ಪರೀಕ್ಷೆಯ ಆ ಉತ್ತರಕ್ಕೆ ಹತ್ತಕ್ಕೆ ಒಂಬತ್ತು ಬಂದಿತ್ತು. ತುಂಬ ಸ್ಪಷ್ಟವಾಗಿದೆ, ಎಂದು ಮೇಷ್ಟ್ರು ಅಂಚಿನಲ್ಲಿ ಬರೆದಿದ್ದರು. ಆ ರಜೆಯಲ್ಲಿ ಊರಿಗೆ ಹೋದಾಗ ಹೇಳಿಯೇಬಿಡಬೇಕು ಎಂದುಕೊಂಡಿದ್ದಳು. ಅಮ್ಮ ಅವಳಿಗಾಗಿ ಕೋಳಿ ಕೊಯ್ದಿದ್ದಳು, ಇಡೀ ಊರು ಬಂದು, ನಮ್ಮ ಹುಡುಗಿ ಡಾಕ್ಟರಾಗ್ತಾಳೆ, ಎಂದು ಅವಳ ಕೈ ಮುಟ್ಟಿ ಮುಟ್ಟಿ ನೋಡುತ್ತಿತ್ತು. ಆ ಕೈಯನ್ನೇ. ಅಮ್ಮ ಎಂದು ಕರೆದದ್ದೂ ಉಂಟು. ಏನೇ ಎಂದು ಅಮ್ಮ ತಿರುಗಿದಾಗ, ಉಪ್ಪು ಕಮ್ಮಿ ಇದೆ ಎಂದಿದ್ದಳು. ಆಮೇಲಿನ ಮೂವತ್ತೆರಡು ವರ್ಷದಲ್ಲಿ ಹೆಚ್ಚಿನದು ಇನ್ನೊಬ್ಬರ ಸಾವಿನ ಕಾರಣಗಳನ್ನು ಬರೆಯುವುದರಲ್ಲಿ ಹೋಯಿತು. ಒಳ್ಳೆಯ ಅಕ್ಷರ ಎಂದು ನ್ಯಾಯಾಧೀಶರುಗಳೂ ಹೊಗಳುತ್ತಾರೆ.

"ನಾನಾ ಡಾಕ್ಟ್ರಮ್ಮ?" ಎಂದು ಗೆತ್ರುದ್ ಕೇಳಿದಳು. "ನನ್ನಿಂದಾನಾ?"

ಅಲ್ಲ ಎನ್ನುವುದು ಎಷ್ಟು ಸುಲಭವಿತ್ತು. ಚಹಾದ ಮೇಲೆ ಕೆನೆ ಕಟ್ಟಿತ್ತು. ಅಲ್ಲ ಎಂದರೆ ಈ ಹುಡುಗಿ ಎದ್ದು ಹೋಗಿ ಅಳುವವರ ನಡುವೆ ಕೂರುತ್ತಾಳೆ. ಸೋಪೆಯ ಬಾಗಿಲಲ್ಲಿ ಕೂತ ಇಬ್ಬರು ಗಂಡಸರೂ ಎದ್ದು ಒಳಗೆ ನುಗ್ಗುತ್ತಾರೆ. ಹೌದು ಎಂದರೆ ಸೋಪೆ ನಾಳೆಯೂ ಮೀನು ಸುಡುತ್ತಾಳೆ. ಈ ಹುಡುಗಿ ಮಾತ್ರ ಜೀವಮಾನವಿಡೀ ತನ್ನ ಮೊಣಕೈಯನ್ನು ನೋಡಿಕೊಳ್ಳುತ್ತಿರುತ್ತಾಳೆ. ಯಾರಿಗೂ ನೋವಾಗದ ಒಂದು ವಾಕ್ಯವನ್ನು ಡೆಲ್ಮಾ ಹುಡುಕಿದಳು. ಸಿಗಲಿಲ್ಲ.

"ಹೌದು," ಎಂದಳು. "ಜ್ವರಗಡ್ಡೆ ಒಳಗೆ ಕಾಯ್ತಾ ಕೂತಿತ್ತು ಮಗಳೇ. ಅದಿಲ್ಲದಿದ್ರೆ ಏನೂ ಆಗ್ತಿರಲಿಲ್ಲ. ಆದ್ರೆ ಒಡೆದಿದ್ದು ಆ ಪೆಟ್ಟಿಂದ. ನಾನು ಅದನ್ನ ಬರೀಬೇಕು. ಮೂರು ಗಂಟೆಗೆ ಪೊಲೀಸರು ಬಂದು ಕಾಗದ ತಗೊಂಡು ಹೋಗ್ತಾರೆ."

ಹುಡುಗಿ ಅಳಲಿಲ್ಲ. ಎರಡು ಲೋಟಗಳನ್ನೂ ಬಹಳ ಜೋಪಾನವಾಗಿ ಮೆಟ್ಟಿಲ ಮೇಲೆ ಇಟ್ಟಳು. ದೊಡ್ಡಮ್ಮನಿಗೆ ಯಾರು ಹೇಳುತ್ತಾರೆ ಎಂದು ಕೇಳಿದಳು. ಅದನ್ನು ಕಾಗದ ಹೇಳುವುದು ಬೇಡ, ಪೊಲೀಸರು ಹೇಳುವುದೂ ಬೇಡ, ನಾವಿಬ್ಬರೂ ಈಗ ಹೋಗೋಣ, ಎಂದು ಡೆಲ್ಮಾ ಎದ್ದಳು. ಮೇಲಂಗಿಯನ್ನು ಬಿಚ್ಚಿ ಮೊಳೆಗೆ ಹಾಕಿದಳು. ಬೊನಿಫಾಸ್ ಒಂದು ಕುರ್ಚಿ ಎತ್ತಿಕೊಂಡು ಹಿಂದೆ ಬಂದ. ಅವಳು ಕುರ್ಚಿ ಬೇಡವೆಂದು ಚಾಪೆಯ ಅಂಚಿನಲ್ಲಿ ನೆಲದ ಮೇಲೆ ಕೂತಾಗ, ಅವನೂ ಕುರ್ಚಿಯನ್ನು ಪಕ್ಕಕ್ಕಿಟ್ಟು ನೆಲದಲ್ಲೇ ಕೂತ.

ಒಳಗೆ ಎಲ್ಲಾ ಇದೆ, ಯಾರೂ ಏನನ್ನೂ ತೆಗೆದಿಲ್ಲ ಎಂದು ಅವಳು ಮೊದಲು ಹೇಳಿದಳು. ಆಮೇಲೆ ಜ್ವರಗಡ್ಡೆಯ ವಿಷಯ. ಹಣ್ಣಾದ ಪಪ್ಪಾಯಿ ಸಿಪ್ಪೆ ಹಾಗೇ ಇದ್ದು ಒಳಗೆ ಕೊಳೆತು ಬಿರಿಯುವುದನ್ನು ಅವರೆಲ್ಲ ಕಂಡವರೇ. ಹಾಗೆ ಆಗಿದೆ, ಒಂದು ಸಣ್ಣ ಪೆಟ್ಟು ಸಾಕಿತ್ತು ಎಂದಳು. ಕಮಾಸ್ ಗಮನವಿಟ್ಟು ಕೇಳಿದ. ಹೆಂಗಸರಲ್ಲಿ ಒಬ್ಬಳು ಒಂದು ಗೆಣಸನ್ನು ಎಲೆಯ ಮೇಲಿಟ್ಟು ಅವಳ ಮುಂದೆ ಸರಿಸಿದಳು, ಬಂದವರಿಗೆ ಕೊಡುವ ಹಾಗೆ.

"ಸಣ್ಣ ಪೆಟ್ಟು," ಎಂದ ಕಮಾಸ್. "ಹೊರಗೆ ಗಾಯಾನೂ ಇಲ್ಲ. ಸಾಂಗುಮಾ ಅಂದ್ರೆ ಏನು ಅಂತ ನಮ್ಮಜ್ಜನೂ ಹೀಗೇ ಹೇಳ್ತಿದ್ದ ಡಾಕ್ಟ್ರಮ್ಮ, ಅದಕ್ಕೋಸ್ಕರ ಅವನು ಕಾಲೇಜಿಗೇನೂ ಹೋಗಿರಲಿಲ್ಲ. ಆ ಪೆಟ್ಟು ಯಾವ ಕೈಯಿಂದ ಬಂತು ಅಂತಾನೇ ನಾವು ಕೇಳ್ತಿರೋದು." ಹೆಂಗಸರಲ್ಲಿ ಒಂದಿಬ್ಬರು ನಕ್ಕರು.

ಗೆತ್ರುದ್ ಬಾಯಿ ತೆರೆದಳು, ಸ್ವರ ಬರಲಿಲ್ಲ. ಅವಳ ಗಂಟಲು ಮೇಲೆ ಕೆಳಗೆ ಆಡುವುದನ್ನು ನೋಡುತ್ತಾ ಡೆಲ್ಮಾಳಿಗೆ ಅದು ತನ್ನದೇ ಗಂಟಲೆನಿಸಿತು. ಉಪ್ಪು ಕಮ್ಮಿ ಇದೆ ಎಂದ ಗಂಟಲು. ಯಾರ ಕೈ ಎಂದು ಹೇಳುವ ಮೊದಲು ನನ್ನದೊಂದು ಮಾತಿದೆ, ಎಂದು ಅವಳು ಶುರುಮಾಡಿದಳು. ಹೇಗೆ ಹೇಳಿದಳೋ. ಏಣಿ, ನೀರಿನ ಕೊಳವೆ, ಭುಜ, ಹಳ್ಳದ ಮುದುಕಿ. ಸಾಕ್ಷಿ ಹೇಳುವಾಗಿನ ಅವಳ ಒಳ್ಳೆಯ ವಾಕ್ಯಗಳು ಒಂದೂ ಬರಲಿಲ್ಲ. ಹಿಂದಿನದು ಮುಂದೆ, ಮುಂದಿನದು ಹಿಂದೆ ಆಯಿತು. ಈ ಕೈ ಎಂದು ಬಲಗೈಯನ್ನು ಎತ್ತಿ ತೋರಿಸಿದ್ದು ಮಾತ್ರ ಅವಳಿಗೆ ನೆನಪಿದೆ, ಮತ್ತು ಬೊನಿಫಾಸ್ ತಲೆ ತಗ್ಗಿಸಿ ನೆಲದ ಹುಲ್ಲು ಕೀಳುತ್ತಿದ್ದದ್ದು. ಅವಳು ನಿಲ್ಲಿಸಿದ ಮೇಲೆ ಗೆತ್ರುದ್‌ಳ ಸ್ವರ ತಾನಾಗಿ ಬಂತು.

"ದೊಡ್ಡಮ್ಮ, ನಾನು ಮೊಣಕೈಲಿ ತಿವಿದೆ. ಬಕೆಟ್ಟಿಗೋಸ್ಕರ."

ಕಮಾಸ್ ಎದ್ದು ನಿಂತ. ಅವನು ಗೆತ್ರುದ್‌ಳನ್ನು, ಆಮೇಲೆ ಡಾಕ್ಟರನ್ನು, ಆಮೇಲೆ ತನ್ನ ಎರಡು ಕೈಗಳನ್ನು ನೋಡಿದ. ಅವಕ್ಕೆ ಏನು ಕೆಲಸ ಕೊಡಬೇಕೆಂದು ತಿಳಿಯದವನ ಹಾಗೆ. ಕೊನೆಗೆ ರಸ್ತೆಯ ಕಡೆ ತಿರುಗಿ, ಯಾರಾದ್ರೂ ಹೋಗಿ ಸೋಪೆ ಬಾಗಿಲಿಂದ ಆ ಇಬ್ಬರನ್ನ ಎಬ್ಬಿಸಿ, ಎಂದು ಹೇಳಿ, ಯಾರೂ ಏಳದಿದ್ದಾಗ ತಾನೇ ಹೊರಟ. ಅಗಾತಾ ಅಷ್ಟು ಹೊತ್ತೂ ಕದಲಿರಲಿಲ್ಲ. ಗೆತ್ರುದ್ ಚಾಪೆಯ ಹೊರಗೆ, ನೆರಳು ಮುಗಿಯುವ ಕಡೆ, ಬಿಸಿಲಿನಲ್ಲಿ ಮಂಡಿಯೂರಿದ್ದಳು. ಅಗಾತಾ ಅವಳ ಕಡೆ ನೋಡದೆಯೇ, ಬಿಸಿಲಲ್ಲಿ ಕೂರಬೇಡ, ಎಂದಳು. ಅಷ್ಟೇ. ಪೊಲೀಸರು ಬರುವವರಿದ್ದರು, ಕೋರ್ಟು ಇತ್ತು, ಇನ್ನೊಂದು ದಿನ ಅಗಾತಾ ಇದೇ ಹುಡುಗಿಯ ಮುಖ ನೋಡಲಾರದೆ ಹೋಗಬಹುದು. ಗೆತ್ರುದ್ ಒಂದು ಮೊಳದಷ್ಟು ನೆರಳಿಗೆ ಸರಿದಳು. ಆಗ ಅಗಾತಾ ಡೆಲ್ಮಾಳ ಕಡೆ ತಿರುಗಿದಳು. ಇಷ್ಟು ಹೊತ್ತು ಎಲ್ಲರೂ ಅನ್ನುತ್ತಿದ್ದ ನೀವು, ಡಾಕ್ಟ್ರಮ್ಮ ಅವಳ ಮಾತಿನಲ್ಲಿ ಇರಲಿಲ್ಲ.

"ನಿನ್ನ ತಾಯಿ ಏನಂದಳು?"

"ಅವಳಿಗೆ ಹೇಳಿಲ್ಲ."

"ಇನ್ನೂ ಇದಾಳಾ?"

"ಇದಾಳೆ. ನನ್ನ ಜೊತೆ, ಕ್ವಾರ್ಟರ್ಸಲ್ಲಿ."

ಅಗಾತಾ ಅವಳನ್ನು ನೋಡುತ್ತಲೇ ಇದ್ದಳು. ಅತ್ತು ಅತ್ತು ಊದಿದ ಆ ಕಣ್ಣುಗಳಲ್ಲಿ ಸಿಟ್ಟಿರಲಿಲ್ಲ, ಒಂದು ಥರದ ಬೇಸರವಿತ್ತು, ಮಕ್ಕಳು ಒಲೆಯ ಮೇಲೆ ಪಾತ್ರೆ ಮರೆತು ಬಂದಾಗ ಇರುವಂಥದ್ದು. "ದಾರೀಲಿ ಸಿಕ್ಕಿದ ನನಗೆ ಹೇಳಿದೆ," ಎಂದಳು. "ಹೆತ್ತವಳಿಗೆ ಹೇಳಲಿಲ್ಲ. ಹೋಗು ತಾಯಿ."

ಕಾಗದದ ಮೂರು ಗೆರೆಯನ್ನೂ ಬರೆದು, ಪೆಟ್ಟು ಹಗುರವಾದದ್ದೆಂದೂ, ಆರೋಗ್ಯವಂತರಿಗೆ ಅದರಿಂದ ಅಪಾಯವಿರಲಿಲ್ಲವೆಂದೂ, ಇದನ್ನು ನ್ಯಾಯಾಲಯದಲ್ಲಿ ಹೇಳಲು ತಾನು ಬರುವೆನೆಂದೂ ಕೆಳಗೆ ಸೇರಿಸಿ, ಪೊಲೀಸರ ಕೈಗೆ ಕೊಟ್ಟು ಅವಳು ಮನೆಗೆ ಹೊರಟಾಗ ನಾಲ್ಕು ಗಂಟೆ. ಆಸ್ಪತ್ರೆಯ ಹಿಂದೆ ಗಾಳಿಮರಗಳ ಸಾಲಿನ ಕೊನೆಯ ಮನೆ ಅವಳದು. ಇನ್ನೂರು ಹೆಜ್ಜೆ ಇರಬಹುದು. ದಾರಿಯಲ್ಲಿ ದಾದಿಯೊಬ್ಬಳು ನಮಸ್ಕಾರ ಹೇಳಿದಳು, ಪ್ರತಿ ಹೇಳಿದ ತನ್ನ ಸ್ವರ ಹನ್ನೊಂದು ವರ್ಷದ ಹುಡುಗಿಯದೆನಿಸಿತು. ಅಮ್ಮ ಜಗಲಿಯಲ್ಲಿ ಕಾಲು ಚಾಚಿ, ತೊಡೆಯ ಮೇಲೆ ನಾರು ಹೊಸೆಯುತ್ತಾ ಕೂತಿದ್ದಳು, ಅರ್ಧ ಹೆಣೆದ ಬಿಲುಂ ಚೀಲ ಪಕ್ಕದಲ್ಲಿ. ಎಂಬತ್ತು ದಾಟಿದ ಮೇಲೂ ದಿನಕ್ಕೆ ಒಂದು ಗೇಣು ಹೆಣೆಯದಿದ್ದರೆ ಅವಳಿಗೆ ಊಟ ಸೇರುವುದಿಲ್ಲ. ಇವತ್ತು ಬೇಗ ಬಂದೆ, ಸತ್ತವರೆಲ್ಲ ಮುಗಿದರಾ ಎಂದು ಕೇಳಿದಳು, ದಿನವೂ ಮಾಡುವ ತಮಾಷೆ. ಡೆಲ್ಮಾ ಚಪ್ಪಲಿ ಬಿಡದೆ ಅವಳೆದುರು ನಿಂತಳು.

"ಅಮ್ಮ, ಲೆನಾಳನ್ನ ನಾನು ತಳ್ಳಿದ್ದೆ. ಏಣಿ ಮೇಲೆ. ಅವಳು ಸತ್ತಿದ್ದು ಅದರಿಂದ."

ನಾರು ತೊಡೆಯ ಮೇಲೆ ಅರ್ಧ ಹೊಸೆದು ನಿಂತಿತು. ಅಮ್ಮನ ಅಂಗೈ ಅದನ್ನು ಒತ್ತಿ ಹಿಡಿದಿತ್ತು.

"ಜೋರಾಗಿಯಾ?"

"ಇಲ್ಲ. ಮೆಲ್ಲಗೆ."

"ಬಿದ್ದಾಗ ಅತ್ತಳಾ?"

"ನಕ್ಕಳು."

"ನಗ್ತಾಳೆ," ಎಂದಳು ಅಮ್ಮ. "ಅವಳು ಎಲ್ಲಾದಕ್ಕೂ ನಗೋಳು." ಅಂಗೈ ಸಡಿಲವಾಯಿತು, ಹೊಸೆದ ನಾರು ಸುರುಳಿ ಬಿಚ್ಚಿಕೊಂಡು ಎರಡು ಎಳೆಯಾಯಿತು. ಅದನ್ನು ಅವಳು ಮತ್ತೆ ಎತ್ತಿಕೊಳ್ಳಲಿಲ್ಲ. ಅಂಗಳದ ಆಚೆ ಸಮುದ್ರದ ಕಡೆ ನೋಡುತ್ತಾ, ಬಾಯಲ್ಲಿ ಏನನ್ನೋ ಅಗಿಯುವ ಹಾಗೆ ದವಡೆ ಆಡಿಸುತ್ತಾ ಕೂತಳು. ಡೆಲ್ಮಾ ಹತ್ತಿರ ಹೋಗಿ ಕೂರಬೇಕೋ ದೂರ ನಿಲ್ಲಬೇಕೋ ತಿಳಿಯದೆ, ಕಂಬ ಹಿಡಿದುಕೊಂಡಳು. ಅಮ್ಮ ಚಾಚಿದ ಕಾಲನ್ನು ಮಡಿಸಿ ಜಾಗ ಮಾಡಿಕೊಟ್ಟದ್ದನ್ನು ಅವಳು ತಡವಾಗಿ ಗಮನಿಸಿದಳು. ಕೂತಳು. ಒಣಗಿದ ಹಗುರ ಕೈಯೊಂದು ಬಂದು ಅವಳ ಬಲಗೈಯ ಮೇಲೆ ಬಿತ್ತು, ಅಲ್ಲೇ ಇತ್ತು.

"ನಾನು ಎರಡು ಕಲ್ಲು ಎಸೆದೆ," ಎಂದಳು ಅಮ್ಮ. "ಒಂದು ತಾಗಿತು. ಆ ಮುದುಕಿ ತಿರುಗಿ ಕೂಡ ನೋಡಲಿಲ್ಲ. ದಾಬೋಯ್ ಅಂತ ಹೆಸರು. ನಿನ್ನ ಹೆರಿಗೆಗೆ ಅವಳೇ ಬಂದಿದ್ದು."

ಡೆಲ್ಮಾ ಆ ಹೆಸರನ್ನು ಈವರೆಗೆ ಕೇಳಿರಲಿಲ್ಲ. ಕೇಳಬೇಕೆಂದು ಹೊಳೆದೂ ಇರಲಿಲ್ಲ.

"ಅವಳ ಮಗಳೊಬ್ಬಳು ಇದಾಳೆ. ಮುಂದಿನ ದ್ವೀಪದಲ್ಲಿ. ಬದುಕಿದ್ರೆ ನನಗಿಂತ ಚಿಕ್ಕವಳು," ಎಂದು ಅಮ್ಮ ಹೇಳಿದಳು. ಆಮೇಲೆ, "ನಾಳೆ ಅಲ್ಲಿಗೆ ದೋಣಿ ಎಷ್ಟು ಗಂಟೆಗೆ?" ಎಂದು ಕೇಳಿದಳು.

"ಆರಕ್ಕೆ."

"ನನ್ನ ಐದಕ್ಕೇ ಎಬ್ಬಿಸು," ಎಂದಳು ಅಮ್ಮ. "ತಲೆ ಬಾಚ್ಕೋಬೇಕು."